ತಗಡಿನ ಆಚೆ ಬದಿ

ಕೊನೆಯ ರಿವೆಟ್ ಕೂರುವವರೆಗೂ ಆಚೆ ಬದಿಯಲ್ಲಿ ನಾನೇ ಹಿಡಿಯುತ್ತೇನೆ ಎಂದು ಮದುವೆಗೆ ಮುಂಚೆ ಇವಳಿಗೆ ಮಾತು ಕೊಟ್ಟಿದ್ದೆ.

ಆಗ ನಾನು ಓಡಿಸುತ್ತಿದ್ದ ಬಸ್ಸಿಗೆ ಇವಳು ದಿನಾ ಹತ್ತುತ್ತಿದ್ದಳು. ದೊಡ್ಡ ಕಟ್ಟಡಗಳಿಗೆ ಎ.ಸಿ. ಡಕ್ಟ್ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸುವ, ಮಡಿಸುವ ಕೆಲಸ ಇವಳದು. ಒಂದು ಸಂಜೆ ತನ್ನಷ್ಟೇ ಎತ್ತರದ ಅಲ್ಯೂಮಿನಿಯಂ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತು ಹತ್ತಿದಳು. ಕಂಡಕ್ಟರ್ ಬಿಡುತ್ತಾನೆಯೇ? "ಇದಕ್ಕೂ ಟಿಕೆಟ್ ತಗೋಬೇಕಮ್ಮ, ಇದೂ ನಿಂತ್ಕೊಂಡೇ ಬರ್ತಿದೆ" ಎಂದ.

"ಕೊಡಿ. ಇನ್ನೊಂದಷ್ಟು ವರ್ಷ ಹೋದ್ರೆ ಇದು ನಿಮ್ಮ ಬಸ್ಸಿನ ಮೇಲೇ ಹಾರುತ್ತೆ. ಆಗ ಕೇಳೋಕೆ ನಿಮ್ಮ ಕೈಗೆ ಸಿಗಲ್ಲ" ಎಂದಳು ಇವಳು.

ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಕನ್ನಡಿಯಲ್ಲಿ ನೋಡುತ್ತಿದ್ದ ನಾನು ಮಾತ್ರ ನಗಲಿಲ್ಲ. ಏಕೆಂದರೆ ಇವಳು ನಗುತ್ತಿರಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ, ಸುರುಳಿ ಇಳಿಸಿಕೊಡೋಣವೆಂದು ಕೈ ಹಾಕಿದೆ. ಭಾರ ಇರುತ್ತದೆಂದು ಉಸಿರು ಬಿಗಿಹಿಡಿದು ಎತ್ತಿದವನು ಹಿಂದಕ್ಕೆ ಬೀಳುವುದೊಂದು ಬಾಕಿ. ಅಷ್ಟು ಹಗುರ ಅದು. "ಇದರಲ್ಲಿ ಏರೋಪ್ಲೇನ್ ಮಾಡ್ತೀರಾ?" ಎಂದೆ.

"ಒಬ್ಬಳ ಕೈಲಿ ಆಗೋ ಹಾಗಿದ್ರೆ ಇಷ್ಟೊತ್ತಿಗೆ ಅರ್ಧ ಆಗಿರೋದು. ರಿವೆಟ್ ಹೊಡಿಯೋದು ಇಬ್ಬರ ಕೆಲಸ. ಈಚೆ ಒಬ್ಬರು ಹೊಡೀಬೇಕು, ಆಚೆ ಒಬ್ಬರು ಹಿಡೀಬೇಕು" ಎಂದಳು.

ಆಮೇಲೆ ನಮ್ಮ ಮದುವೆಯ ಮಾತು ಬಂದಾಗಲೂ ಇವಳು ಕೇಳಿದ್ದು ಅದೊಂದನ್ನೇ. ನನ್ನ ಸಂಬಳ ಎಷ್ಟೆಂದು ಕೇಳಲಿಲ್ಲ, ಸಿಗರೇಟು ಸೇದುತ್ತೀರಾ ಎಂದೂ ಕೇಳಲಿಲ್ಲ. "ಆಚೆ ಬದಿ ಯಾರು ಹಿಡೀತಾರೆ?" ಎಂದಳು.

"ನಾನೇ."

"ಮಧ್ಯದಲ್ಲಿ ಕೈ ಕೊಟ್ರೆ?"

"ಕೊನೇ ರಿವೆಟ್‌ವರೆಗೂ ನಾನೇ ಹಿಡೀತೀನಿ. ಮಾತು ಅಂದ್ರೆ ಮಾತು."

ಆ ವಯಸ್ಸಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೇಳಿಬಿಡುತ್ತಾರೆ. ನಾನು ಹೇಳಿದ್ದನ್ನು ಮಾಡುತ್ತಲೂ ಬಂದೆ. ಹೊರಗೆ ಬಸ್ಸು, ಮನೆಗೆ ಬಂದರೆ ವಿಮಾನ. ಮೊದಲು ಬಾಲ ಆಯಿತು. ಒಡಲು ಆಯಿತು. ನಡುವೆ ಮಗಳು ಹುಟ್ಟಿದಳು. ಅವಳು ನಡೆಯುವುದನ್ನು ಕಲಿತು, ಶಾಲೆಗೂ ಸೇರಿದಳು. ಎಡ ರೆಕ್ಕೆ ಮುಗಿಯಿತು. ಉಳಿದಿದ್ದು ಬಲ ರೆಕ್ಕೆ, ಅದರಲ್ಲೂ ಕೆಳಬದಿಯ ತಗಡು. ಅದೊಂದು ಕೂತರೆ ರಿವೆಟ್ ಕೆಲಸ ಮುಗಿದ ಹಾಗೆ.

ಮನೆಯ ಪಕ್ಕದಲ್ಲಿದ್ದ ಉದ್ದನೆಯ ಗ್ಯಾರೇಜು ಕೆಲಸದ ಜಾಗ. ಅದರಲ್ಲಿ ಎರಡು ರೆಕ್ಕೆಗೂ ಎಡೆ ಇರಲಿಲ್ಲವಾಗಿ, ಮುಗಿದ ಎಡ ರೆಕ್ಕೆ ಹಳೆಯ ಬೆಡ್‌ಶೀಟುಗಳನ್ನು ಹೊದ್ದುಕೊಂಡು ನಡುಮನೆಯ ಗೋಡೆಗೆ ಒರಗಿತ್ತು. ಅಡುಗೆಮನೆಗೆ ಹೋಗುವವರು ಹೊಟ್ಟೆ ಒಳಗೆ ಎಳೆದುಕೊಂಡು ಅಡ್ಡಡ್ಡ ನಡೆಯಬೇಕು. ನನ್ನ ಅತ್ತೆ, ಅಂದರೆ ಇವಳ ತಾಯಿ, ನಮ್ಮ ಜೊತೆಗೇ ಇದ್ದಾರೆ. ಕಡ್ಡಿಯಂಥ ಮೈ, ಮಾತು ಮಾತ್ರ ಗುಂಡಗುಂಡಗೆ. "ಬೇರೆಯವರ ಮನೇಲಿ ಮಗಳು ಅಳಿಯ ಸೋಫಾ ತಂದು ಹಾಕ್ತಾರೆ. ನಮ್ಮನೇಲಿ ರೆಕ್ಕೆ. ಕೂರೋಕಾಗಲ್ಲ, ಒರಗೋಕಾಗಲ್ಲ, ಬಂದವರು ಏನಿದು ಅಂದ್ರೆ ಹೇಳೋಕೂ ಬಾಯಿ ಬರಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಜೀರ್ಣವಾಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವರು ಗ್ಯಾರೇಜಿನ ಹೊಸ್ತಿಲು ದಾಟಿದವರಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತು ಒಳಗೆ ನೋಡುತ್ತಿದ್ದರು, ಅಷ್ಟೆ. ಒಮ್ಮೆ ಕತ್ತರಿಸಿ ಉಳಿದ ಚೂರೊಂದನ್ನು ಹೆಬ್ಬೆರಳಲ್ಲಿ ಒತ್ತಿ, ಅದು ಪುಟ್ಟ ಬಟ್ಟಲಿನ ಹಾಗೆ ತಗ್ಗಾದದ್ದನ್ನು ಮಗಳ ಮುಖಕ್ಕೆ ಹಿಡಿದರು. "ಮುದುಕಿ ಬೆರಳಿಗೆ ಸೋಲೋ ತಗಡು. ಇದು ನಿನ್ನ ಹೊರುತ್ತೇನೇ?"

ಅದು ನನ್ನ ಪ್ರಶ್ನೆಯೂ ಆಗಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೆ.

ಬಿಡಿಬಿಡಿಯಾಗಿ ನೋಡಿದರೆ ರೆಕ್ಕೆಯಲ್ಲಿ ಯಾವುದಕ್ಕೂ ತ್ರಾಣವಿಲ್ಲ. ಒಳಗಿನ ಪಕ್ಕೆಲುಬುಗಳನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಒದ್ದೆ ಟವೆಲ್ಲಿನ ಹಾಗೆ ತಿರುಚಿಕೊಳ್ಳುತ್ತವೆ. ಮೇಲೆ ಹೊದಿಸುವ ತಗಡನ್ನು ಎತ್ತಿ ಹಿಡಿದರೆ ಸಣ್ಣ ಗಾಳಿಗೂ ಗುಡುಗಿನಂತೆ ಸದ್ದು ಮಾಡುತ್ತ ಜೋಲುತ್ತದೆ. ರಿವೆಟ್ ಎಂದರೆ ಅಕ್ಕಿಕಾಳಿಗಿಂತ ಚೂರು ದಪ್ಪ; ಬಿದ್ದರೆ ಹುಡುಕಲು ಟಾರ್ಚು ಬೇಕು. ಈ ಮೂರು ಕೈಲಾಗದವುಗಳನ್ನು ತಂದು ಒಂದರ ಪಕ್ಕ ಒಂದು ಹೊಡೆಯುತ್ತ ಹೋದರೆ, ಸಾಲು ಅರ್ಧ ದಾಟುವಷ್ಟರಲ್ಲಿ ಎಲ್ಲಿಂದಲೋ ಒಂದು ಬಿಗಿ ಬಂದು ಸೇರಿಕೊಳ್ಳುತ್ತದೆ. ತಗಡಿನ ಗುಡುಗು ನಿಲ್ಲುತ್ತದೆ. ಎಡ ರೆಕ್ಕೆ ಮುಗಿದ ದಿನ ನಾನು ಅದರ ತುದಿ ಹಿಡಿದು ಮೈಯ ಬಲವನ್ನೆಲ್ಲ ಹಾಕಿ ತಿರುಚಲು ನೋಡಿದೆ. ಕಿರುಗುಟ್ಟಿದ್ದು ರೆಕ್ಕೆಯಲ್ಲ, ಅದನ್ನು ನಿಲ್ಲಿಸಿದ್ದ ಮರದ ಮೇಜು. ಈ ಬಲ ಇಷ್ಟು ಹೊತ್ತು ಎಲ್ಲಿತ್ತು? ಅವತ್ತು ನಾನು ಮೇಜಿನ ಪಕ್ಕದಲ್ಲೇ ಕೂತುಬಿಟ್ಟೆ.

"ಏನ್ರೀ, ಮಂಕು ಬಡಿದವರ ಹಾಗೆ ಕೂತ್ರಿ?" ಎಂದಳು ಇವಳು.

"ಇದರೊಳಗೆ ಏನು ಸೇರ್ಕೊಂಡಿತು?"

"ಏನೂ ಇಲ್ಲ. ಒಬ್ಬೊಬ್ಬರೇ ಇದ್ದಾಗ ಯಾರಿಗೂ ತಾಕತ್ತಿಲ್ಲ. ಒಬ್ಬರ ಭಾರ ಇನ್ನೊಬ್ಬರಿಗೆ ದಾಟಿಸ್ತಾ ಹೋಗ್ತಾರೆ. ಕೂಡು ಸಂಸಾರ ಇದು."

ಬಾಗಿಲಲ್ಲಿದ್ದ ಅತ್ತೆ ತಡಮಾಡಲಿಲ್ಲ. "ಕೂಡು ಸಂಸಾರದಲ್ಲಿ ಜಗಳ ಆಗುತ್ತಲ್ಲ, ಅದು ಮೇಲೆ ಹೋದಾಗ ಆದ್ರೆ?"

ಕೆಲಸದ ರೀತಿ ಹೀಗೆ. ರೆಕ್ಕೆ ಗೋಡೆಯ ಹಾಗೆ ಉದ್ದನೆಯ ಅಂಚಿನ ಮೇಲೆ ನಿಂತಿರುತ್ತದೆ. ಈಚೆ ಬದಿಯಲ್ಲಿ ಇವಳು ಗಾಳಿಯ ಗನ್ ಹಿಡಿದು ಕೂರುತ್ತಾಳೆ. ಆಚೆ ಬದಿಯಲ್ಲಿ ನಾನು ಸ್ಟೂಲು ಹತ್ತಿ, ಚೀಲದ ಬಾಯಿಯ ಹಾಗೆ ತೆರೆದಿರುವ ಮೇಲಂಚಿನಿಂದ ತೋಳನ್ನು ಕಂಕುಳವರೆಗೂ ಒಳಗಿಳಿಸುತ್ತೇನೆ. ಕೈಯಲ್ಲಿ ಉಕ್ಕಿನ ಗಟ್ಟಿ, ಅದನ್ನು ನಾವು ಬಾರ್ ಎನ್ನುತ್ತೇವೆ. ತೂತಿನಿಂದ ಒಳಗೆ ಇಣುಕಿದ ರಿವೆಟ್ಟಿನ ಬಾಲಕ್ಕೆ ಅದನ್ನು ಒತ್ತಿ ಹಿಡಿಯಬೇಕು. ಇವಳು ಹೊರಗಿನಿಂದ ಡ್ರ್ರ್ ಎಂದು ಹೊಡೆದಾಗ ಬಾಲ ನನ್ನ ಬಾರಿಗೆ ಅಪ್ಪಳಿಸಿ ಗುಂಡಿಯಂತೆ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಕೆನ್ನೆ ತಗಡಿಗೆ ಒತ್ತಿರುವುದರಿಂದ ನನ್ನ ಮುಖ ಕಿಟಕಿಯ ಕಡೆಗೇ. ಒಳಗಿನದು ಕಾಣುವುದಿಲ್ಲ, ಇವಳೂ ಕಾಣುವುದಿಲ್ಲ. ಗುಂಡಿ ಸರಿಯಾಗಿ ಕೂತಿತೋ, ಸೊಟ್ಟಗಾಯಿತೋ, ತೀರ ಚಪ್ಪಟೆಯಾಯಿತೋ ಎಂದು ಹೇಳಬೇಕಾದದ್ದು ಬೆರಳ ತುದಿ ಮಾತ್ರ. ಗನ್ನಿಗೆ ಗಾಳಿ ತುಂಬುವ ಕಂಪ್ರೆಸರಿನ ಗದ್ದಲದಲ್ಲಿ, ಕಿವಿಗೆ ಮುಚ್ಚಳ ಹಾಕಿಕೊಂಡು ಮಾತು ಎಲ್ಲಿ ಕೇಳಬೇಕು? ಅದಕ್ಕೆ ಬಾರಿನಿಂದ ತಗಡಿಗೆ ತಟ್ಟುವುದು. ಒಂದು ತಟ್ಟಿದರೆ, ಸಾಲದು ಇನ್ನಷ್ಟು ಹೊಡಿ. ಎರಡು ತಟ್ಟಿದರೆ, ಸರಿ ಮುಂದಕ್ಕೆ ಹೋಗು. ಮೂರು ತಟ್ಟಿದರೆ ಕೆಟ್ಟಿದೆ, ಡ್ರಿಲ್ ಮಾಡಿ ತೆಗಿ. ಗಂಡ ಹೆಂಡತಿ ನಾವು ಮನೆಯೊಳಗೆ ಆಡಿದ ಮಾತಿಗಿಂತ ಹೀಗೆ ತಟ್ಟಿಕೊಂಡು ಆಡಿದ್ದೇ ಹೆಚ್ಚಿರಬಹುದು. ಅದರಲ್ಲಿ ಒಂದು ದಿನವೂ ಅಪಾರ್ಥವಾಗಿರಲಿಲ್ಲ.

ಆ ರಜಾದಿನ ಬೆಳಗ್ಗೆಯೇ ಕೆಳಬದಿಯ ತಗಡಿಗೆ ಕೈ ಹಾಕಿದೆವು. ವಿಮಾನ ತಪಾಸಣೆ ಮಾಡುವ ಪರೀಕ್ಷಕರು ಬಂದು ಟಾರ್ಚು ಬಿಟ್ಟು ಒಳಗನ್ನೆಲ್ಲ ನೋಡಿ, ಮುಚ್ಚಬಹುದು ಎಂದು ಹೇಳಿಹೋಗಿದ್ದರು. ಒಮ್ಮೆ ಈ ತಗಡು ಮುಚ್ಚಿದ ಮೇಲೆ ಆ ಒಳಗನ್ನು ಮತ್ತೆ ಯಾರೂ ಪೂರ್ತಿ ನೋಡುವಂತಿಲ್ಲ. ತಗಡನ್ನು ಕ್ಲಿಪ್ಪುಗಳಿಂದ ಸಿಕ್ಕಿಸಿದಾಗ ಬಾಯಿ ತೆರೆದ ಮೇಲಂಚಿನೊಳಗೆ ಇಳಿದ ಕಿಟಕಿಯ ಬೆಳಕು ಇನ್ನೂ ರಿವೆಟ್ ಕಾಣದ ತೂತುಗಳಿಂದ ಹಾದು, ಎದುರು ಗೋಡೆಯ ಮೇಲೆ ಸಾಲುಸಾಲಾಗಿ ಚುಕ್ಕೆಗಳಾಗಿ ಬಿದ್ದಿತ್ತು. ಮಗಳು ಪಕ್ಕದ ಮನೆಗೆ ಆಡಲು ಹೋಗುವ ಮುನ್ನ ಬಂದು ಆ ಚುಕ್ಕೆಗಳ ನಡುವೆ ತನ್ನ ನೆರಳನ್ನು ನಿಲ್ಲಿಸಿ ನೋಡಿಕೊಂಡು, "ಅಪ್ಪ, ನಂಗೆ ತೂತು ಬಿದ್ದಿದೆ!" ಎಂದು ಕಿರುಚಿ ಓಡಿದಳು. ಒಂದೊಂದು ರಿವೆಟ್ ಕೂತಂತೆ ಗೋಡೆಯ ಮೇಲಿನ ಒಂದೊಂದು ಚುಕ್ಕೆ ಆರುತ್ತಿತ್ತು.

ಕೆಳಗಿನ ಸಾಲುಗಳು ಸಲೀಸಾಗಿ ಮುಗಿದವು. ಮೇಲೆ ಬಂದಂತೆ ತಗಡಿನ ಬಾಯಿ ಕಿರಿದಾಯಿತು. ನನ್ನ ತೋಳು ಮದುವೆಯ ದಿನದ ತೋಳಲ್ಲ. ಸ್ಟೀರಿಂಗ್ ತಿರುಗಿಸಿ, ಕೂತಲ್ಲೇ ತಿಂದು ದಪ್ಪವಾದದ್ದು. ತಗಡಿನ ಅಂಚು ತೋಳಿಗೆ ಒತ್ತುತ್ತಿತ್ತು. ಅದು ದೊಡ್ಡ ವಿಷಯವಲ್ಲ. ಬೆರಳುಗಳದ್ದೇ ಚಿಂತೆ. ಒಂದು ವರ್ಷದಿಂದ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿಗೆ ಜೋಮು. ಡ್ಯೂಟಿ ಮುಗಿದ ಮೇಲೆ ಕೈ ಕೊಡವಿದರೆ ಮೊದಮೊದಲು ಹೋಗುತ್ತಿತ್ತು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ನೋಡುವಂತಾಯಿತು. ಅವತ್ತು ಸಂದಿಯಲ್ಲಿ ಕೈ ಸಿಕ್ಕಿಕೊಂಡ ಮೇಲಂತೂ ಬೆರಳಿದ್ದ ಕಡೆ ಹತ್ತಿ ತುಂಬಿದ ಹಾಗಿತ್ತು.

ಒಂದು ರಿವೆಟ್ ಹೊಡೆದಳು. ಮುಟ್ಟಿದೆ. ಗುಂಡಿ ಇದೆ, ಆದರೆ ಸೊಟ್ಟಗಿದೆಯೋ? ಇನ್ನೊಮ್ಮೆ ಮುಟ್ಟಿದೆ. ಗೊತ್ತಾಗಲಿಲ್ಲ. ಗೊತ್ತಾಗದೆ ಸರಿ ಎನ್ನುವುದು ಹೇಗೆ? ಈ ರೆಕ್ಕೆಯ ಮೇಲೆ ಭಾರ ಬಿಟ್ಟು ಮೇಲೆ ಹೋಗುವವಳು ಇವಳು. ಮೂರು ತಟ್ಟಿದೆ.

ಇವಳು ಡ್ರಿಲ್ ಮಾಡಿ ತೆಗೆದಳು, ಹೊಸದು ಹಾಕಿದಳು. ಅದೂ ಅಷ್ಟೆ. ಬೆರಳು ಏನೂ ಹೇಳಲಿಲ್ಲ. ಮನಸ್ಸು ಎಲ್ಲವನ್ನೂ ಹೇಳಿತು. ಆದರೂ ಎರಡು ತಟ್ಟಿದೆ. ಮುಂದಿನದಕ್ಕೆ ಮತ್ತೆ ಮೂರು. ಅದರ ಮುಂದಿನದಕ್ಕೂ ಮೂರು.

ಕಂಪ್ರೆಸರ್ ನಿಂತಿತು. ಈಚೆ ಬದಿಯಿಂದ ಇವಳ ದನಿ ಬಂತು. "ರೀ, ಇದು ಚೆನ್ನಾಗೇ ಇತ್ತಲ್ರೀ."

"ಯಾವುದು?"

"ತೆಗೆದಿದ್ದು. ಬಾಲ ಕೈಗೆ ಸಿಕ್ತು, ನೋಡ್ತಿದ್ದೀನಿ. ಅಚ್ಚು ಹಾಕಿದ ಹಾಗಿದೆ. ಮೊದಲನೇದೂ ಹೀಗೇ ಇತ್ತು. ನಿಮ್ಮ ಮೇಲಿನ ನಂಬಿಕೆಗೆ ಸುಮ್ನಿದ್ದೆ."

"ಅನುಮಾನ ಬಂತು. ಅನುಮಾನ ಇರೋದನ್ನ ಬಿಡೋದು ಬೇಡ ಅಂತ."

"ಚೆನ್ನಾಗಿರೋದನ್ನ ಕಿತ್ರೆ ಒಳ್ಳೇದಾಗುತ್ತಾ? ಒಂದು ಸಲ ಡ್ರಿಲ್ ಹೋದ್ರೆ ತೂತು ಕೂದಲೆಳೆಯಷ್ಟು ಅಗಲ ಆಗುತ್ತೆ. ಎರಡು ಸಲ ಹೋದ್ರೆ ಈ ಅಳತೆ ರಿವೆಟ್ ನಿಲ್ಲಲ್ಲ. ಹೀಗೇ ಹೋದ್ರೆ ಇಡೀ ತಗಡು ತೆಗೆದು ಎಸೀಬೇಕಾಗುತ್ತೆ."

ಇದು ಬಾರ್ ಹಿಡಿಯುವವರು ಮಾತ್ರ ಮಾಡಬಲ್ಲ ತಪ್ಪು. ಕೆಟ್ಟದ್ದನ್ನು ಒಳ್ಳೆಯದೆಂದರೆ ರೆಕ್ಕೆಗೆ ಅಪಾಯ. ಒಳ್ಳೆಯದನ್ನು ಕೆಟ್ಟದ್ದೆಂದರೂ ಅಪಾಯವೇ. ಭಯದಿಂದ ನಾನು ರೆಕ್ಕೆಯನ್ನು ಒಂದೊಂದೇ ತೂತಿನಲ್ಲಿ ಸಡಿಲ ಮಾಡುತ್ತಿದ್ದೆ.

ಇವಳು ಎದ್ದು ನನ್ನ ಬದಿಗೆ ಬಂದಳು. ಅಭ್ಯಾಸಕ್ಕೆಂದು ಇಟ್ಟಿದ್ದ ತಗಡಿನ ಪಟ್ಟಿಯೊಂದನ್ನು ಕೈಗೆತ್ತಿಕೊಂಡಳು. ಅದರಲ್ಲಿ ಸರಿಯಾಗಿ ಕೂತ ರಿವೆಟ್ಟುಗಳೂ ಇದ್ದವು, ಬೇಕೆಂದೇ ಕೆಡಿಸಿದವೂ ಇದ್ದವು. "ಕಣ್ಣು ಮುಚ್ಚಿ" ಎಂದಳು. ನನ್ನ ಬೆರಳನ್ನು ಒಂದರ ಮೇಲಿಟ್ಟಳು, ಆಮೇಲೆ ಇನ್ನೊಂದರ ಮೇಲಿಟ್ಟಳು. "ಯಾವುದು ಸರಿ, ಯಾವುದು ಸೊಟ್ಟ?"

ಬೆರಳಾಡಿಸಿದೆ. ಎರಡೂ ಹತ್ತಿ. "ಮೊದಲನೇದು ಸರಿ" ಎಂದೆ. ಕಣ್ಣು ಬಿಟ್ಟಾಗ ಇವಳು ಪಟ್ಟಿಯನ್ನು ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದಳು. ಎರಡೂ ಸೊಟ್ಟಗಿದ್ದವು.

"ಎಷ್ಟು ದಿನದಿಂದ?"

"ಆಗಾಗ ಬರುತ್ತೆ, ಹೋಗುತ್ತೆ. ನಾಲ್ಕು ದಿನ ರೆಸ್ಟ್ ಕೊಟ್ರೆ..."

"ಬಸ್ಸು ನಾಲ್ಕು ದಿನ ನಿಮ್ಮನ್ನ ಬಿಡುತ್ತಾ?"

"ನಾನೇ ಮುಗಿಸ್ತೀನಿ ಕಣೇ. ಮಾತು ಕೊಟ್ಟಿದ್ದೀನಿ."

"ನಂಗೆ ಮಾತು ಬೇಡ್ರೀ, ಬೆರಳು ಬೇಕು!" ಎಂದುಬಿಟ್ಟಳು. ಎಂದ ಮರುಗಳಿಗೆ ತುಟಿ ಕಚ್ಚಿಕೊಂಡಳು. ಗನ್ನನ್ನು ಮೇಜಿನ ಮೇಲಿಟ್ಟು, ಅದರ ಗಾಳಿಯ ಕೊಳವೆಯನ್ನು ಸುತ್ತತೊಡಗಿದಳು. "ಹೋಗಲಿ ಬಿಡಿ. ಮುಚ್ಚಿಡೋಣ. ನಿಮ್ಮ ಕೈ ಸರಿಹೋದ್ಮೇಲೆ ನೋಡೋಣ. ನೀವಿಲ್ದೆ ನಾನು ಮುಗಿಸಲ್ಲ."

ಇವಳು ಕೋಪದಲ್ಲೇ ಇದ್ದಿದ್ದರೆ ನನಗೆ ಸುಲಭವಿತ್ತು. ಬಸ್ಸಿನ ಕೆಲಸ ಬಿಡುವವರೆಗೆ ಈ ಕೈ ಸರಿಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಅಂದರೆ ಈ ರೆಕ್ಕೆ ಹೀಗೇ ಬಾಯಿ ತೆರೆದುಕೊಂಡು, ನನ್ನ ಮಾತಿನ ಗೌರವಕ್ಕೆ, ಬೆಡ್‌ಶೀಟು ಹೊದ್ದು ನಿಂತಿರುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. "ಸದ್ದು ನಿಂತಿತಲ್ಲ, ಯಾರಾದ್ರೂ ಬೆರಳು ಕಳ್ಕೊಂಡ್ರೇನೋ ಅಂತ ಬಂದೆ."

ಯಾರೂ ನಗಲಿಲ್ಲ. ಇವಳು ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ಅತ್ತೆ ಹೊಸ್ತಿಲಾಚೆ ನಿಂತೇ ಕೈ ಚಾಚಿದರು. "ಎಲ್ಲಿ, ಆ ಪಟ್ಟಿ ಕೊಡು."

ಕೊಟ್ಟಳು. ಪೊರೆ ಬಂದ ಕಣ್ಣು ಅವರದು. ನೋಡುವ ಗೋಜಿಗೇ ಹೋಗಲಿಲ್ಲ. ಛಾವಣಿಯ ಕಡೆ ಮುಖ ಮಾಡಿ ಬೆರಳಾಡಿಸಿದರು. "ಇದು ನೆಟ್ಟಗಿದೆ. ಇದೂ. ಇದು ಬಗ್ಗಿದೆ. ಇದ್ಯಾಕೋ ದೋಸೆ ಹಾಗೆ ಹರಡ್ಕೊಂಡಿದೆ. ಇದು ನೆಟ್ಟಗಿದೆ."

ಒಂದೂ ತಪ್ಪಲಿಲ್ಲ. ಇವಳು ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.

"ಅಮ್ಮ, ಬೇಡ. ಇವರು ಮಾತು ಕೊಟ್ಟಿದ್ದಾರೆ."

"ಮಾತು ಕೊಟ್ಟಿದ್ದು ಬಾಯಿ ಕಣೇ. ಕೈಗೇನು ಗೊತ್ತು?" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, ನನ್ನ ಕಡೆ ತಿರುಗಿ, "ಅಳಿಯಂದಿರೇ, ನೀವು ಬೇಡ ಅಂದ್ರೆ ನಾನು ಒಳಗೆ ಕಾಲಿಡಲ್ಲ. ನಂಗೇನು ಈ ತಗಡಿನ ಮೇಲೆ ಪ್ರೀತಿ ಉಕ್ಕಿ ಬರ್ತಿಲ್ಲ. ಇವಳು ಹೇಗಿದ್ರೂ ಹೋಗೋಳೇ. ಹೋಗೋ ರೆಕ್ಕೆ ನೆಟ್ಟಗಿರಲಿ" ಎಂದರು.

ಬಾರ್ ನನ್ನ ಕೈಯಲ್ಲೇ ಇತ್ತು. ಇಷ್ಟು ವರ್ಷ ಹಿಡಿದು ಹಿಡಿದು ಅದರ ಮೂಲೆಗಳು ನನ್ನ ಅಂಗೈಗೆ ತಕ್ಕಂತೆ ನುಣುಪಾಗಿದ್ದವು. ಅದು ಕೈಯಲ್ಲಿದೆಯೆಂದು ತಿಳಿಯಲು ನಾನು ನೋಡಿಕೊಳ್ಳಬೇಕಾಯಿತು. ಅಂಗಿಯ ತುದಿಯಿಂದ ಒರೆಸಿದೆ. "ಬನ್ನಿ ಅತ್ತೆ" ಎಂದು ಅವರ ಕೈಗಿಟ್ಟೆ.

ಅತ್ತೆ ಹೊಸ್ತಿಲು ದಾಟಿದರು.

ಮೊದಲು ಅಭ್ಯಾಸದ ಪಟ್ಟಿಯ ಮೇಲೆ ಹಿಡಿಸಿದೆವು. ಮೊದಲ ಹೊಡೆತಕ್ಕೆ ಬಾರ್ ಎಗರಿತು. "ಅಯ್ಯಯ್ಯೋ, ಇದು ಒದೀತಲ್ಲೇ!" ಎಂದು ಅತ್ತೆ ಹೌಹಾರಿದರು. "ಗಟ್ಟಿಯಾಗಿ ಹಿಡೀಬೇಡಿ, ಸಡಿಲಾನೂ ಬಿಡಬೇಡಿ" ಎಂದೆ. ಹೇಗೆ ಹೇಳುವುದು? ಹೇಳಿ ಗೊತ್ತಿರಲಿಲ್ಲ, ಮಾಡಿ ಮಾತ್ರ ಗೊತ್ತಿತ್ತು. "ಮಗು ನಿದ್ದೆ ಹೋಗೋವಾಗ ಬೆನ್ನ ಮೇಲೆ ಕೈ ಇಡ್ತೀರಲ್ಲ, ತೆಗೆದ್ರೆ ಏಳುತ್ತೆ, ಒತ್ತಿದ್ರೂ ಏಳುತ್ತೆ. ಅಷ್ಟು." ಅತ್ತೆ ಹೂಂಗುಟ್ಟಿದರು. ಮುಂದಿನದು ಅಚ್ಚುಕಟ್ಟಾಗಿ ಕೂತಿತು. ಒಂದು, ಎರಡು, ಮೂರು ತಟ್ಟುವುದನ್ನೂ ಕಲಿಸಿದೆ.

ಅತ್ತೆಯನ್ನು ಸ್ಟೂಲು ಹತ್ತಿಸಿದೆ. ಕಿವಿಯಿಂದ ಶ್ರವಣಯಂತ್ರ ತೆಗೆದು ನನ್ನ ಜೇಬಿಗೆ ಹಾಕಿದರು. "ಇನ್ನು ನೀವಿಬ್ಬರೂ ಸೇರಿ ಬೈದ್ರೂ ಕೇಳಲ್ಲ." ತೋಳು ಒಳಗಿಳಿಯಿತು. ನನ್ನದು ಸಿಕ್ಕಿಕೊಂಡಿದ್ದ ಸಂದಿಯಲ್ಲಿ ಅವರದು ನೀರಿನ ಹಾಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಅತ್ತೆಯ ಮುಖ ಬದಲಾಯಿತು. ಒಳಗೆ ಕತ್ತಲಲ್ಲಿ ಬೆರಳುಗಳು ಮುಗಿದ ಸಾಲುಗಳ ಮೇಲೆ ಒಂದರಿಂದ ಒಂದಕ್ಕೆ, ಒಂದರಿಂದ ಒಂದಕ್ಕೆ ಹೋಗುತ್ತಿದ್ದುದು ಅವರ ಭುಜ ನೋಡಿದರೆ ಗೊತ್ತಾಗುತ್ತಿತ್ತು. ಅವರು ಬಾಯಿ ಸ್ವಲ್ಪ ತೆರೆದಿದ್ದರು. ಅತ್ತೆ ಏನೂ ಹೇಳದೆ ಇದ್ದದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಕಂಪ್ರೆಸರ್ ಶುರುವಾಯಿತು. ನನಗೆ ಮಾಡಲು ಏನೂ ಉಳಿಯಲಿಲ್ಲ. ಆಚೆ ಬದಿಯಿಂದ ನಡೆದು ಈಚೆ ಬದಿಗೆ ಬಂದೆ.

ಇವಳು ರಿವೆಟ್ ಹೊಡೆಯುವಾಗಿನ ಮುಖವನ್ನು ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ ಎಂದು ಆಗ ಹೊಳೆಯಿತು. ನಮ್ಮಿಬ್ಬರ ನಡುವೆ ಯಾವಾಗಲೂ ತಗಡು. ಅಡುಗೆ ಮಾಡುವ ಮುಖ ಗೊತ್ತು, ಬೈಯುವ ಮುಖ ಗೊತ್ತು, ಮಗಳ ಜ್ವರದ ಪಕ್ಕ ಕೂತ ಮುಖ ಗೊತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಹುಬ್ಬಿನ ಗಂಟು ಬಿಚ್ಚಿಕೊಂಡಿತ್ತು. ಗನ್ನನ್ನು ತಗಡಿಗೆ ನೆಟ್ಟಗೆ ಇಟ್ಟು, ಇಡೀ ಮೈ ಒಂದು ಕ್ಷಣ ಹಾಗೇ ನಿಲ್ಲುತ್ತಿತ್ತು, ಉಸಿರೂ ನಿಲ್ಲುತ್ತಿತ್ತು. ಆಗ ತುಟಿ ಸ್ವಲ್ಪ ಅಲುಗುತ್ತಿತ್ತು. ಆಮೇಲೆ ಡ್ರ್ರ್. ಒಳಗಿನಿಂದ ಎರಡು ತಟ್ಟು. ಗೋಡೆಯ ಮೇಲೆ ಒಂದು ಚುಕ್ಕೆ ಆರುವುದು. ಮುಂದಿನದು.

ಪ್ರತಿ ಸಲವೂ ತುಟಿ ಅಲುಗಿತು. ಲೆಕ್ಕ ಹಾಕುತ್ತಿದ್ದಾಳೇನೋ ಎಂದುಕೊಂಡೆ. ಹತ್ತಿರ ಹೋಗಿ ನೋಡಿದೆ. ಒಂದೇ ಮಾತು. "ಇದ್ದೀರಾ?" ಎನ್ನುತ್ತಿದ್ದಳು. ಆಚೆ ಬದಿಯಲ್ಲಿ ತಾಯಿಯಿದ್ದರೂ ರೂಢಿಯ ಮೇಲೆ ಅದೇ ಬರುತ್ತಿತ್ತು. ಬಾಲಕ್ಕೆ, ಒಡಲಿಗೆ, ಎಡ ರೆಕ್ಕೆಗೆ ಹೊಡೆದ ಪ್ರತಿ ರಿವೆಟ್ಟಿಗೂ ಮುಂಚೆ ಇವಳು ಹಾಗೆ ಕೇಳಿರಬೇಕು. ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ. ಕೇಳಿಸದೆಯೇ, ಅಷ್ಟು ಸಾವಿರ ಸಲ, ನಾನು ತಟ್ಟಿ ಉತ್ತರ ಕೊಟ್ಟಿದ್ದೆ.

ಇವಳು ನನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು. ಇನ್ನೊಂದು ರಿವೆಟ್ ಇಟ್ಟ ಮೇಲೆ ಮತ್ತೆ ತುಟಿ ತನ್ನಷ್ಟಕ್ಕೆ ಅಲುಗಿತು.

ನಾನು ಅಂಗೈಯನ್ನು ತಗಡಿನ ಮೇಲಿಟ್ಟೆ. ಬೆರಳು ಸತ್ತಿದ್ದರೂ ಅಂಗೈಗೆ ಗೊತ್ತಾಗುತ್ತಿತ್ತು. ಒಂದೊಂದು ಹೊಡೆತವೂ ಆ ಒಂದು ತೂತಿನಲ್ಲಿ ನಿಲ್ಲುತ್ತಿರಲಿಲ್ಲ. ಪಕ್ಕೆಲುಬಿಗೆ ಹೋಗಿ, ಅಲ್ಲಿಂದ ಉದ್ದಕ್ಕೂ ಹಾದಿರುವ ತೊಲೆಗೆ ಹೋಗಿ, ರೆಕ್ಕೆಯ ತುದಿಯವರೆಗೂ ಓಡಿ ಬರುತ್ತಿತ್ತು. ಒಳಗಿದ್ದಾಗ ನನಗೆ ಗೊತ್ತಿದ್ದದ್ದು ಬೆರಳ ತುದಿಯ ಕೆಳಗಿನ ಒಂದು ರಿವೆಟ್ ಮಾತ್ರ. ಹೊರಗೆ ಇದು ಇಡಿಯಾಗಿತ್ತು. ಒಂದು ದೊಡ್ಡ ಪ್ರಾಣಿ ಮೈಮೇಲೆ ನೊಣ ಕೂತರೆ ಮೈಯೆಲ್ಲ ಕಂಪಿಸುತ್ತದಲ್ಲ, ಹಾಗೆ. ಕೂಡು ಸಂಸಾರ ಎಂದು ಇವಳು ನಕ್ಕು ಹೇಳಿದ್ದನ್ನು ನಾನು ಅವತ್ತು ಮುಟ್ಟಿ ನೋಡಿದೆ. ಅತ್ತೆ ಆಚೆ, ಇವಳು ಈಚೆ, ಇಬ್ಬರ ಪೆಟ್ಟೂ ನನ್ನ ಅಂಗೈಯಲ್ಲಿ. ಇದು ಹೊರುತ್ತದೆ ಎಂದು ನನಗೆ ಆ ನಿಮಿಷದಲ್ಲಿ ಗೊತ್ತಾಯಿತು. ಯಾರು ಹೇಳಿದ್ದರೂ ಅ‌ಷ್ಟು ಗೊತ್ತಾಗುತ್ತಿರಲಿಲ್ಲ.

ಒಂದು ಕಡೆ ಅತ್ತೆ ಮೂರು ತಟ್ಟಿದರು. ಇವಳ ಕೈ ನಿಂತಿತು. ಡ್ರಿಲ್ ಮಾಡಿ ತೆಗೆದು, ಬಾಲವನ್ನು ಅಂಗೈಯಲ್ಲಿಟ್ಟು ನೋಡಿದೆವು. ಪಕ್ಕಕ್ಕೆ ವಾಲಿತ್ತು. ನಿಜಕ್ಕೂ ಕೆಟ್ಟಿತ್ತು. ಇವಳು ಹೊಸದನ್ನು ಇಟ್ಟಳು. ನಾನು ಮೊದಲು ಕೆಡಿಸಿದ್ದ ತೂತುಗಳಿಗೆ ಒಂದು ಅಳತೆ ದೊಡ್ಡ ರಿವೆಟ್ ಹಾಕಿದಳು, ಅವೂ ಕಚ್ಚಿಕೊಂಡವು.

ಕೊನೆಯ ಚುಕ್ಕೆಯೂ ಗೋಡೆಯಿಂದ ಆರಿತು. ಒಳಗಿನಿಂದ ಎರಡು ತಟ್ಟು ಕೇಳಿಸಿತು.

ಇವಳು ಕಂಪ್ರೆಸರ್ ಆರಿಸಿದಳು. ಅತ್ತೆ ತೋಳನ್ನು ನಿಧಾನವಾಗಿ ಹೊರಗೆಳೆದುಕೊಂಡರು. ಮೊಣಕೈವರೆಗೆ, ತಗಡಿಗೆ ಒಳಗಿನಿಂದ ಬಳಿದಿದ್ದ ಪ್ರೈಮರಿನ ಹಸಿರು ಪುಡಿ. ಶ್ರವಣಯಂತ್ರ ಕೊಟ್ಟೆ. ಅದನ್ನು ಹಾಕಿಕೊಳ್ಳಲು ಮರೆತು, ಕೈಯಲ್ಲೇ ಹಿಡಿದು, ಕೇಳಿಸದವರ ಏರುದನಿಯಲ್ಲಿ ಹೇಳಿದರು: "ಒಳಗೆ ಎಷ್ಟು ಚೊಕ್ಕವಾಗಿದೆಯೇ! ಯಾರೂ ನೋಡಲ್ಲ ಅಂತ ಗೊತ್ತಿದ್ದೂ ಇಷ್ಟು ಚೊಕ್ಕವಾಗಿ ಯಾಕೆ ಮಾಡಿದ್ರಿ? ಒಂದೊಂದೂ ಒಂದೇ ಸಮ. ನಿನ್ನ ಬೀರು ಯಾಕೇ ಹೀಗಿಲ್ಲ?"

ಇವಳು ನಗಲು ಹೋಗಿ ಅತ್ತಳು. ತಾಯಿಯ ಕೈ ಹಿಡಿದು ಪುಡಿ ಒರೆಸುತ್ತ, ನನ್ನ ಕಡೆ ನೋಡಿ, "ಒಳಗೆ ಇರೋದೆಲ್ಲಾ ಇವರು ಹಿಡಿದಿದ್ದು ಕಣಮ್ಮ" ಎಂದಳು.

"ಎಲ್ಲಾ ಅಲ್ಲ" ಎಂದೆ.

ಅದು ಸತ್ಯ. ಕೊನೆಯ ರಿವೆಟ್ ಕೂತಾಗ ಆಚೆ ಬದಿಯಲ್ಲಿ ಹಿಡಿದಿದ್ದವರು ಅತ್ತೆ. ನಾನು ಕೊಟ್ಟ ಮಾತು ಮುರಿಯಿತು.